ಹದಿನೆಂಟು ಕೈಗಳ ಅಷ್ಟಭುಜೆ: ಅರುಣ ಕೊಲಟ್ಕರರ ಕಾವ್ಯದಲ್ಲಿ ಆಟ ಮತ್ತು ಅತಿವಾಸ್ತವ

ಗುಡಿಯ ಚಾವಣಿ ತಗ್ಗು, ಒಳಗೆ ಕತ್ತಲು. ನೋಡಲು ಬಂದವನು ತನ್ನ ಬೆಂಕಿಪೊಟ್ಟಣವನ್ನು ಪೂಜಾರಿಯ ಕೈಗೆ ಕೊಡುತ್ತಾನೆ. ಒಂದೊಂದೇ ಕಡ್ಡಿ ಗೀರಿದಂತೆ ಕಂಚಿನ ದೇವರು, ಕಲ್ಲಿನ ದೇವರು ಕಡ್ಡಿ ಉರಿಯುವಷ್ಟು ಹೊತ್ತು ಮುಖ ತೋರಿಸಿ ಮತ್ತೆ ಕತ್ತಲೆಗೆ ಸರಿಯುತ್ತಾರೆ. ಇವಳು ಯಾರು ಎಂದು ಕೇಳಿದರೆ ಅಷ್ಟಭುಜೆ ಎಂಬ ಉತ್ತರ ಬರುತ್ತದೆ. ಸಂಶಯ ಹೊಕ್ಕ ಕಡ್ಡಿಯೊಂದು ಕೆಮ್ಮುತ್ತದೆ. ಬಂದವನು ಕೈಗಳನ್ನು ಎಣಿಸಿದ್ದಾನೆ, ಅವು ಹದಿನೆಂಟು ಇವೆ. ಹಾಗೆಂದು ಹೇಳಿದರೂ ಪೂಜಾರಿಯ ಪಾಲಿಗೆ ಅವಳು ಅಷ್ಟಭುಜೆಯೇ. ವಾದ ಬೆಳೆಯುವುದಿಲ್ಲ. ಬಂದವನು ಬಿಸಿಲಿಗೆ ಬಂದು ಚಾರ್ಮಿನಾರ್ ಸಿಗರೇಟು ಹಚ್ಚುತ್ತಾನೆ. ಇಪ್ಪತ್ತು ಅಡಿಯ ಕಲ್ಲಿನ ಆಮೆಯ ಬೆನ್ನ ಮೇಲೆ ಮಕ್ಕಳು ಆಡುತ್ತಿರುತ್ತಾರೆ.

ಅರುಣ ಕೊಲಟ್ಕರರ ‘ಜೆಜುರಿ’ ಸಂಕಲನದ ಈ ಪುಟ್ಟ ಕವಿತೆಯನ್ನು ಓದಿದವರು ಸಾಮಾನ್ಯವಾಗಿ ಎರಡು ಬಣಗಳಾಗುತ್ತಾರೆ. ಒಂದು ಬಣಕ್ಕೆ ಇದು ಕುರುಡು ನಂಬಿಕೆಯ ಲೇವಡಿ. ಇನ್ನೊಂದಕ್ಕೆ ಇದು ಲೆಕ್ಕಕ್ಕೆ ಸಿಗದ ಶ್ರದ್ಧೆಯ ಚಿತ್ರ. ನನಗೆ ಎರಡೂ ಅವಸರದ ಓದುಗಳೆನಿಸುತ್ತವೆ. ಕವಿತೆಯಲ್ಲಿ ಎಣಿಸಿದವನೂ ಸುಳ್ಳು ಹೇಳಿಲ್ಲ, ಪೂಜಾರಿಯೂ ಸುಳ್ಳು ಹೇಳಿಲ್ಲ. ಎಂಟು ಎಂಬುದು ಅವಳ ಹೆಸರು, ಹದಿನೆಂಟು ಎಂಬುದು ಅವಳ ಕೈಗಳ ಸಂಖ್ಯೆ. ಹೆಸರಿಗೂ ವಸ್ತುವಿಗೂ ನಡುವೆ ಇರುವ ಈ ಹತ್ತು ಕೈಗಳ ಅಂತರದಲ್ಲೇ ಕೊಲಟ್ಕರರ ಕಾವ್ಯದ ಆಟವೆಲ್ಲ ನಡೆಯುತ್ತದೆ. ಅವರ ಕವಿತೆಗಳ ವಿಚಿತ್ರ ಲೋಕ, ಅಂದರೆ ವಿಮರ್ಶಕರು ಅತಿವಾಸ್ತವ ಎಂದು ಕರೆಯುವ ಗುಣ, ಕನಸಿನಿಂದ ಎದ್ದು ಬಂದದ್ದಲ್ಲ, ಅತಿಯಾಗಿ ಕಣ್ಣು ತೆರೆದು ನೋಡಿದ್ದರಿಂದ ಹುಟ್ಟಿದ್ದು ಎಂಬುದನ್ನು ಕೆಲವು ಕವಿತೆಗಳ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಕವಿಯ ಪರಿಚಯ ಚಿಕ್ಕದಾಗಿ ಸಾಕು. ಕೊಲ್ಹಾಪುರದಲ್ಲಿ ಹುಟ್ಟಿದ ಕೊಲಟ್ಕರರು ಚಿತ್ರಕಲೆ ಕಲಿತು, ಮುಂಬೈಯ ಜಾಹೀರಾತು ಲೋಕದಲ್ಲಿ ವಿನ್ಯಾಸಕಾರರಾಗಿ ದೊಡ್ಡ ಹೆಸರು ಮಾಡಿದವರು. ಮರಾಠಿ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದರು. ಒಂದು ಭಾಷೆಯ ಓದುಗರಿಗೆ ಇನ್ನೊಂದರ ಕವಿ ಅಷ್ಟಾಗಿ ಗೊತ್ತಿರಲಿಲ್ಲ. ‘ಜೆಜುರಿ’ 1976ರಲ್ಲಿ ಪುಸ್ತಕವಾಗಿ ಬಂತು. ಅದನ್ನು ಹೊರತಂದ ‘ಕ್ಲಿಯರಿಂಗ್ ಹೌಸ್’ ಕವಿಗಳೇ ಸೇರಿ ನಡೆಸಿದ ಪ್ರಕಾಶನ. ಆದಿಲ್ ಜಸ್ಸಾವಾಲಾ, ಗೀವ್ ಪಟೇಲ್, ಅರವಿಂದ ಕೃಷ್ಣ ಮೆಹರೋತ್ರಾ ಅದರಲ್ಲಿ ಜೊತೆಗಿದ್ದರು. ಮರುವರ್ಷ ಕೃತಿಗೆ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿ ದೊರೆಯಿತು. ಅದೇ 1977ರಲ್ಲಿ ಅವರ ಮೊದಲ ಮರಾಠಿ ಸಂಕಲನವೂ ಬಂತು. ಆಮೇಲೆ ಪುಸ್ತಕಗಳ ಮಟ್ಟಿಗೆ ದೀರ್ಘ ಮೌನ. 2003ರಲ್ಲಿ ಮರಾಠಿಯ ‘ಚಿರಿಮಿರಿ’, ‘ಭಿಜಕಿ ವಹಿ’. 2004ರಲ್ಲಿ ಇಂಗ್ಲಿಷಿನ ‘ಕಾಲಾ ಘೋಡಾ ಪೊಯಮ್ಸ್’, ‘ಸರ್ಪಸತ್ರ’. ಆ ವರ್ಷವೇ ಸೆಪ್ಟೆಂಬರ್ 25ರಂದು ಅವರು ತೀರಿಕೊಂಡರು. ‘ಭಿಜಕಿ ವಹಿ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಕವಿ ಇರಲಿಲ್ಲ. ಇಷ್ಟರಲ್ಲಿ ನಮ್ಮ ಓದಿಗೆ ಬೇಕಾದ ಸಂಗತಿ ಒಂದೇ: ಅವರು ಕಣ್ಣಿನಿಂದ ದುಡಿದು ಬದುಕಿದವರು. ಯಾವ ವಸ್ತುವನ್ನು ಎಲ್ಲಿಂದ, ಎಷ್ಟು ಹತ್ತಿರದಿಂದ ನೋಡಿದರೆ ಅದು ಬೇರೊಂದಾಗಿ ಕಾಣುತ್ತದೆ ಎಂಬುದು ಅವರಿಗೆ ಕಸುಬಿನ ತಿಳಿವಳಿಕೆಯಾಗಿತ್ತು.

ಅತಿವಾಸ್ತವವಾದ ಎಂಬುದು 1924ರಲ್ಲಿ ಪ್ಯಾರಿಸ್ಸಿನಲ್ಲಿ ಕವಿ ಆಂದ್ರೆ ಬ್ರೆತಾನ್ ಪ್ರಣಾಳಿಕೆ ಬರೆದು ಹೂಡಿದ ಚಳವಳಿ. ಬುದ್ಧಿಯ ಕಾವಲನ್ನು ಸಡಿಲಿಸಿ, ಕನಸಿನ ತರ್ಕಕ್ಕೆ ಲೇಖನಿ ಒಪ್ಪಿಸಿದರೆ ಮನಸ್ಸಿನ ಆಳದ ಸತ್ಯ ಹೊರಬರುತ್ತದೆ ಎಂಬುದು ಆ ಗುಂಪಿನ ನಂಬಿಕೆ. ಹೆಣ ಕೊಯ್ಯುವ ಮೇಜಿನ ಮೇಲೆ ಹೊಲಿಗೆ ಯಂತ್ರವೂ ಕೊಡೆಯೂ ಆಕಸ್ಮಿಕವಾಗಿ ಭೇಟಿಯಾಗುವಷ್ಟು ಸುಂದರ ಎಂಬ ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಕವಿ ಲೋತ್ರೆಯಾಮೋನ ಉಪಮೆ ಅವರಿಗೆ ಮಂತ್ರವಾಗಿತ್ತು. ಕೊಲಟ್ಕರರು ಇದನ್ನೆಲ್ಲ ಬಲ್ಲವರು. ಅವರ ಆರಂಭದ ಕವಿತೆಗಳಲ್ಲಿ ಪ್ರಸಿದ್ಧವಾದ, ಮುಂಬೈಯ ಇರಾನಿ ಹೋಟೆಲಿನ ಕುರಿತಾದ ಕವಿತೆಯಲ್ಲಿ ಈ ಪ್ರಭಾವ ನೇರವಾಗಿಯೇ ಕಾಣುತ್ತದೆ. ಗೋಡೆಯ ಪಟದಲ್ಲಿರುವ ಮೆಳ್ಳಗಣ್ಣಿನ ಇರಾನಿನ ಶಹಾ, ಬಿರುಕು ಬಿಟ್ಟ ಗಾಜಿನ ಪೆಟ್ಟಿಗೆಯೊಳಗೆ ಕೇಕು ಎಚ್ಚರಿಕೆಯಿಂದ ಕೊಳೆಯುವುದನ್ನು ನೋಡುತ್ತಿದ್ದಾನೆ. ನೀರಿನ ಲೋಟದಲ್ಲಿ ಗೋಡೆಯ ಭೂದೃಶ್ಯ ಅಲುಗುತ್ತದೆ. ಕುರ್ಚಿಯಡಿಯ ಬೆಕ್ಕಿಗೆ ಕನಸು ಕಾಣುವುದೊಂದು ಆಡಳಿತಾತ್ಮಕ ಸಮಸ್ಯೆ. ಚಹಾದ ಬಟ್ಟಲು ಮೇಜಿನ ಮೇಲೆ ಬಿಟ್ಟ ಅಂಟಂಟು ವೃತ್ತದೊಳಗೆ ಒಬ್ಬ ಅಲೆಮಾರಿ ಸುಟ್ಟ ಕಡ್ಡಿ ಇಟ್ಟರೆ, ಅದು ಶವಾಗಾರದಲ್ಲಿ ಗುರುತು ಹಿಡಿಯಲು ಹೋದಾಗ ಮಂಜುಗಡ್ಡೆಯಿಂದ ವಿನಯವಾಗಿ ಎದ್ದು ಬರುವ ಹೆಣದಂತೆ ಏಳುತ್ತದೆ. ಕೊನೆಗೆ ಮೇಜು, ಕುರ್ಚಿ, ಕನ್ನಡಿಗಳೆಲ್ಲ ಹೊಲಿಯಬೇಕಾದ ಇರುಳಾಗುತ್ತವೆ; ಆ ಇರುಳಿನ ಹೊಲಿಗೆ ಬಿಡುವುದು ಗಲ್ಲಾಪೆಟ್ಟಿಗೆಯ ಬಳಿ.

ಹೆಣ, ಸೂಜಿ, ಹೊಲಿಗೆ ಮೂರೂ ಬಂದಿರುವುದರಿಂದ ಲೋತ್ರೆಯಾಮೋನ ಮೇಜನ್ನು ಕೊಲಟ್ಕರರು ಇರಾನಿ ಹೋಟೆಲಿಗೆ ತಂದು ಹಾಕಿ ನಗುತ್ತಿದ್ದಾರೆ ಎಂಬ ಗುಮಾನಿ ನನಗಿದೆ. ಆದರೂ ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಈ ಕವಿತೆಯಲ್ಲಿ ಕಲ್ಪಿಸಿ ತಂದ ವಸ್ತು ಒಂದೂ ಇಲ್ಲ. ಶಹಾನ ಪಟ, ಹಳಸಿದ ಕೇಕು, ಬೆಕ್ಕು, ಕನ್ನಡಿ, ಚಹಾದ ಕಲೆ, ಕಡ್ಡಿ, ಗಲ್ಲಾ, ಇವೆಲ್ಲ ಹಳೆಯ ಇರಾನಿ ಹೋಟೆಲಿನಲ್ಲಿ ಒಂದು ಚಹಾ ಕುಡಿದವರೆಲ್ಲ ನೋಡಿರುವಂಥವೇ. ವಿಚಿತ್ರವಾದದ್ದು ವಸ್ತುವಲ್ಲ, ನೋಟದ ಹಠ. ಕೇಕು ಕೊಳೆಯುತ್ತಿದೆ ಎಂದಷ್ಟೇ ಹೇಳಿದ್ದರೆ ಅದು ವರದಿ. ‘ಎಚ್ಚರಿಕೆಯಿಂದ’ ಕೊಳೆಯುತ್ತಿದೆ ಎಂದೊಡನೆ ಕೇಕಿಗೆ ಒಂದು ಸ್ವಭಾವ, ಒಂದು ಶಿಸ್ತು ಬಂದುಬಿಡುತ್ತದೆ. ಕೊಲಟ್ಕರರ ಆಟದ ಮೊದಲ ಪಟ್ಟು ಇದೇ: ಒಂದು ಕ್ರಿಯಾವಿಶೇಷಣವನ್ನು ಅದು ಸೇರಬಾರದ ಕಡೆ ಸೇರಿಸಿ, ಸುತ್ತಲಿನ ವಾಕ್ಯವನ್ನು ಏನೂ ಆಗದಂತೆ ನಡೆಯಲು ಬಿಡುವುದು.

ಕನ್ನಡದ ಓದುಗರಿಗೆ ಇಂಥ ಲೋಕ ಅಪರಿಚಿತವೇನಲ್ಲ. ಅಲ್ಲಮನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು, ಕೋಡಗವನ್ನು ಕೋಳಿ ನುಂಗಿದ ಶಿಶುನಾಳ ಶರೀಫರ ಹಾಡು ನಮ್ಮಲ್ಲಿವೆ. ಮರಾಠಿಯಲ್ಲೂ ಸಂತಕವಿ ಮುಕ್ತಾಬಾಯಿಯ ಇರುವೆ ಆಕಾಶಕ್ಕೆ ಹಾರಿ ಸೂರ್ಯನನ್ನು ನುಂಗುತ್ತದೆ. ಆ ಅಭಂಗವನ್ನು ಕೊಲಟ್ಕರರು ಇಂಗ್ಲಿಷಿಗೆ ತಂದಿದ್ದಾರೆ. ತುಕಾರಾಮ, ಜನಾಬಾಯಿಯರ ರಚನೆಗಳನ್ನೂ ಅವರು ಅನುವಾದಿಸಿದ್ದಾರೆ. ಹಾಗಾಗಿ ಅವರ ಅತಿವಾಸ್ತವಕ್ಕೆ ಪ್ಯಾರಿಸ್ಸಿನ ವಿಳಾಸ ಮಾತ್ರ ಕೊಡುವುದು ಅರ್ಧ ಸತ್ಯ. ಆದರೆ ಬೆಡಗಿಗೆ ಒಂದು ಬೀಗದ ಕೈ ಇರುತ್ತದೆ. ಕೋಳಿ ಯಾವುದು, ಕೋಡಗ ಯಾವುದು ಎಂದು ಬಿಡಿಸಿ ಹೇಳುವ ಗುರು ಇರುತ್ತಾನೆ. ಬಿಡಿಸಿದ ಮೇಲೆ ದರ್ಶನವೊಂದು ಉಳಿಯುತ್ತದೆ. ಕೊಲಟ್ಕರರಲ್ಲಿ ಬಿಡಿಸಬೇಕಾದ ಗಂಟು ಇಲ್ಲ. ಶವದಂತೆ ಏಳುವ ಕಡ್ಡಿ ಆತ್ಮವೂ ಅಲ್ಲ, ಮಾಯೆಯೂ ಅಲ್ಲ, ಅದು ಕಡ್ಡಿಯೇ. ಒಳಾರ್ಥ ಹುಡುಕಿ ಹೊರಟ ಓದುಗನನ್ನು ಅವರ ಕವಿತೆ ಮತ್ತೆ ಮತ್ತೆ ಮೇಲ್ಮೈಗೆ ಕರೆತಂದು ನಿಲ್ಲಿಸುತ್ತದೆ.

ಜೆಜುರಿಯು ಪುಣೆ ಜಿಲ್ಲೆಯ, ಖಂಡೋಬಾ ದೇವರ ಕ್ಷೇತ್ರ. ಸಂಕಲನದ 31 ಕವಿತೆಗಳಲ್ಲಿ ಒಂದು ದಿನದ ಪ್ರವಾಸದ ಹೊರಮೈ ಇದೆ: ಬೆಳಗ್ಗೆ ಸರ್ಕಾರಿ ಬಸ್ಸಿನಲ್ಲಿ ಬರುವುದು, ಗುಡಿಗಳನ್ನು ಸುತ್ತುವುದು, ಸಂಜೆ ರೈಲು ನಿಲ್ದಾಣದಲ್ಲಿ ಕಾಯುವುದು. ಬಸ್ಸಿನಲ್ಲಿ ಎದುರಿಗೆ ಕುಳಿತ ಮುದುಕನ ಕನ್ನಡಕದ ಎರಡು ಗಾಜುಗಳಲ್ಲಿ ಪ್ರಯಾಣಿಕನ ಮುಖ ಎರಡಾಗಿ ಕಾಣುತ್ತದೆ. ಬಸ್ಸು ಆ ಮುದುಕನ ಹಣೆಯ ನಾಮದ ಆಚೆಗೆಲ್ಲೋ ಇರುವ ಊರಿಗೆ ಸಾಗುತ್ತಿರುವಂತೆ ತೋರುತ್ತದೆ. ಕೊನೆಯಲ್ಲಿ ಪ್ರಯಾಣಿಕ ಬಸ್ಸಿನಿಂದ ಇಳಿಯುತ್ತಾನೆ, ಆದರೆ ಮುದುಕನ ತಲೆಯೊಳಗೆ ಕಾಲಿಡುವುದಿಲ್ಲ. ಇಡೀ ಸಂಕಲನದ ನಿಲುವು ಈ ಒಂದು ಮಾತಿನಲ್ಲಿದೆ. ಭಕ್ತನ ತಲೆಯೊಳಗೆ ಏನಿದೆ ಎಂದು ತನಗೆ ಗೊತ್ತು ಎಂದು ಕವಿ ನಟಿಸುವುದಿಲ್ಲ. ತಾನು ಕಾಣುವುದು ಆ ಕನ್ನಡಕದ ಮೇಲ್ಮೈಯನ್ನು ಮತ್ತು ಅದರಲ್ಲಿ ಸೀಳಿಹೋದ ತನ್ನದೇ ಮುಖವನ್ನು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತಾನೆ.

ಇಲ್ಲಿ ಭಾಷೆಯ ಒಂದು ಸೂಕ್ಷ್ಮವೂ ಇದೆ. ಇಂತಹ ಕವಿತೆಗಳಲ್ಲಿ ಕೊಲಟ್ಕರರು ‘ನಾನು’ ಎನ್ನದೆ ಎದುರಿನವನನ್ನು ಕರೆಯುವ ಸರ್ವನಾಮ ಬಳಸುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಮರ್ಯಾದೆಯ ಭೇದವಿಲ್ಲ. ಕನ್ನಡಕ್ಕೆ ತರುವಾಗ ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಎಂಬ ಪ್ರಶ್ನೆ ಮೊದಲ ಸಾಲಿನಲ್ಲೇ ಎದ್ದು ನಿಲ್ಲುತ್ತದೆ. ‘ನೀವು’ ಎಂದರೆ ಪಟ್ಟಣದಿಂದ ಬಂದ ಗಿರಾಕಿಯೊಡನೆ ಪೂಜಾರಿ ಆಡುವ ಮಾತಾಗುತ್ತದೆ. ‘ನೀನು’ ಎಂದರೆ ಕವಿ ತನ್ನೊಡನೆ ತಾನೇ ಆಡಿಕೊಳ್ಳುವ ಮಾತಾಗುತ್ತದೆ. ಮೂಲದಲ್ಲಿ ಇವೆರಡೂ ಒಟ್ಟಿಗಿವೆ. ಅನುವಾದಕರು ಸೋಲುವುದು ದೊಡ್ಡ ರೂಪಕಗಳಲ್ಲಲ್ಲ, ಇಂತಹ ಸಣ್ಣ ಪದಗಳಲ್ಲಿ.

ಸಂಕಲನದ ಹಲವು ಕವಿತೆಗಳ ಯಂತ್ರ ಒಂದೇ: ತಪ್ಪಾಗಿ ಗುರುತಿಸುವುದು, ತಿದ್ದಿಕೊಳ್ಳುವುದು. ಒಂದರಲ್ಲಿ ಅದು ಹೊಸ್ತಿಲಲ್ಲ, ಅಡ್ಡಬಿದ್ದ ಕಂಬ. ಇನ್ನೊಂದರಲ್ಲಿ ಗುಡಿಯೆಂದು ಇಣುಕಿದರೆ ಕರು ತಿರುಗಿ ನೋಡುತ್ತದೆ. ಅದು ದನದ ಕೊಟ್ಟಿಗೆ. ಮತ್ತೊಂದರಲ್ಲಿ ಒಂದೇ ಕೀಲಿಗೆ ಜೋತುಬಿದ್ದ ಪುರಾತನ ಬಾಗಿಲು ಎಂದೋ ಹೊರಟುಹೋಗುತ್ತಿತ್ತು, ಯಾರೋ ಅದರ ಹೆಗಲ ಮೇಲೆ ಒಣಹಾಕಿದ ಚಡ್ಡಿಯೊಂದು ಇಲ್ಲದಿದ್ದರೆ. ಈ ತಿದ್ದುಪಡಿಗಳು ಹಾಸ್ಯಕ್ಕೆ ಸರಿ, ಆದರೆ ಅವು ಎರಡೂ ದಿಕ್ಕಿಗೆ ಕೆಲಸ ಮಾಡುತ್ತವೆ ಎಂಬುದನ್ನು ಮರೆಯಬಾರದು. ಪವಿತ್ರವೆಂದುಕೊಂಡದ್ದು ಕೊಟ್ಟಿಗೆಯಾಗುವಂತೆ, ಪಾಳುಬಿದ್ದದ್ದು ಪವಿತ್ರವೂ ಆಗುತ್ತದೆ. ಮಾರುತಿಯ ಗುಡಿಯ ಚಾವಣಿ ಮಾರುತಿಯ ತಲೆಯ ಮೇಲೆಯೇ ಕುಸಿದಿದೆ, ಅದಕ್ಕೆ ಯಾರೂ ಬೇಸರಿಸುವುದಿಲ್ಲ, ಮಾರುತಿಯಂತೂ ಇಲ್ಲವೇ ಇಲ್ಲ. ಬೀದಿ ನಾಯಿಯೊಂದು ಅಲ್ಲಿ ಮರಿಗಳೊಂದಿಗೆ ನೆಲೆಸಿದೆ. ಅದು ಈಗ ಪೂಜೆಯ ಸ್ಥಳವಲ್ಲ, ಆದರೆ ದೇವರ ಮನೆಗಿಂತ ಕಡಿಮೆಯದೂ ಅಲ್ಲ ಎಂದು ಕವಿತೆ ಮುಗಿಯುತ್ತದೆ. ಇದನ್ನು ವ್ಯಂಗ್ಯವೆಂದು ಓದುವವರಿದ್ದಾರೆ. ತಾಯಿನಾಯಿ ಮರಿಗಳನ್ನು ಕಾಯುವ ಚಿತ್ರವನ್ನು ಅಷ್ಟು ಮೆತ್ತಗೆ ಬರೆದ ಮೇಲೆ ಅದು ವ್ಯಂಗ್ಯವಾಗಿ ಉಳಿಯುವುದು ಹೇಗೆ ಎಂಬುದು ನನಗೆ ಅರ್ಥವಾಗಿಲ್ಲ.

ಕಲ್ಲು ಮತ್ತು ದೇವರ ನಡುವಿನ ಗೆರೆ ಜೆಜುರಿಯಲ್ಲಿ ಬಲು ತೆಳು. ಎರಡು ಕಲ್ಲಿಗೊಂದು ದೇವರು ಇಲ್ಲವೇ ದೇವರ ದಾಯಾದಿ. ಅಲ್ಲಿ ಬೆಳೆಯುವ ಬೆಳೆಯೇ ದೇವರು, ವರ್ಷವಿಡೀ ಕೊಯ್ಲು. ಕೋಣೆಯಷ್ಟು ದೊಡ್ಡ ಬಂಡೆ ಖಂಡೋಬಾನ ಕಲ್ಲಾದ ಹೆಂಡತಿ, ಬಂಡೆಯ ಸೀಳು ಅವನ ಕತ್ತಿಯ ಗಾಯ. ಇದನ್ನು ಓದುವಾಗ ಮಡಕೆ, ಮೊರ, ಬೀದಿಯ ಕಲ್ಲು, ಹಣಿಗೆಗಳೆಲ್ಲ ದೈವವಾದರೆ ಕಾಲಿಡಲಿಂಬಿಲ್ಲ ಎಂದ ಬಸವಣ್ಣ ನೆನಪಾಗದೆ ಇರುವುದಿಲ್ಲ. ಪಟ್ಟಿಯ ತಮಾಷೆ ಎರಡು ಕಡೆಯೂ ಒಂದೇ. ಆದರೆ ಬಸವಣ್ಣನವರ ಪಟ್ಟಿ ಒಬ್ಬನೇ ದೇವನಲ್ಲಿ ಹೋಗಿ ನಿಲ್ಲುತ್ತದೆ. ಅದು ತೀರ್ಪಿಗಾಗಿ ಕಟ್ಟಿದ ಪಟ್ಟಿ. ಕೊಲಟ್ಕರರದು ತೀರ್ಪಿಲ್ಲದೆ ಬಯಲಲ್ಲಿ ಹರಡಿಕೊಳ್ಳುತ್ತದೆ. ದೇವರಿದ್ದಾನೋ ಇಲ್ಲವೋ ಎಂಬ ಪ್ರಶ್ನೆಯನ್ನು ಸಂದರ್ಶನವೊಂದರಲ್ಲಿ ಎದುರಿಗಿಟ್ಟಾಗ, ಆ ವಿಷಯದಲ್ಲಿ ತಾನೊಂದು ನಿಲುವು ತಳೆಯಲೇಬೇಕೆಂದು ಅನಿಸುವುದಿಲ್ಲ ಎಂಬರ್ಥದ ಉತ್ತರವನ್ನು ಅವರು ಕೊಟ್ಟಿದ್ದರು. ಅವರ ದೇವರುಗಳಲ್ಲಿ ನನಗೆ ಅಚ್ಚುಮೆಚ್ಚಿನವನು ಯಶವಂತರಾವ್. ಅವನು ಎರಡನೇ ದರ್ಜೆಯ ದೇವರು. ಗುಡಿಯ ಹೊರಗೋಡೆಗೂ ಆಚೆ, ವ್ಯಾಪಾರಿಗಳ ಮತ್ತು ಕುಷ್ಠರೋಗಿಗಳ ಸಾಲಿನವನಂತೆ ಅವನ ಜಾಗ. ಅಂಚೆಪೆಟ್ಟಿಗೆಯಂತೆ ಕೆಂಪಗೆ ಹೊಳೆಯುವ, ಗೋಡೆಗೆ ಎಸೆದ ಲಾವಾದ ಮುದ್ದೆಯಂತಹ ಕರಿಗಲ್ಲು. ಕೈಯಿಲ್ಲ, ಕಾಲಿಲ್ಲ, ತಲೆಯೂ ಇಲ್ಲ. ಅವನು ಬಂಗಾರ ಕೊಡುವುದಿಲ್ಲ, ಸ್ವರ್ಗ ತೋರಿಸುವುದಿಲ್ಲ. ಮುರಿದ ಮೂಳೆ ಕೂಡಿಸುತ್ತಾನೆ, ಅಷ್ಟೇ. ತನಗೇ ಅಂಗಾಂಗಗಳಿಲ್ಲದ್ದರಿಂದ ಅವನು ನಿಮ್ಮ ನೋವನ್ನು ಇತರರಿಗಿಂತ ಚೆನ್ನಾಗಿ ಬಲ್ಲ. ಜಾಹೀರಾತಿನ ಧಾಟಿಯಲ್ಲಿ, ‘ದೇವರು ಬೇಕೆ, ಒಳ್ಳೆಯವನೊಬ್ಬನಿದ್ದಾನೆ’ ಎಂಬಂತೆ ಶುರುವಾದ ಕವಿತೆ ನಗಿಸುತ್ತ ನಗಿಸುತ್ತ ಕರುಣೆಯ ಬಳಿ ತಂದು ಬಿಡುತ್ತದೆ.

ನಗು ಇದ್ದಕ್ಕಿದ್ದಂತೆ ಬಿರಿಯುವ ಕವಿತೆಯೊಂದಿದೆ. ಸಂಕಲನದಲ್ಲಿ ಅತಿ ಹೆಚ್ಚು ಓದಿಸಿಕೊಂಡದ್ದೂ ಅದೇ. ಮುದುಕಿಯೊಬ್ಬಳು ಪ್ರವಾಸಿಯ ಅಂಗಿಯ ತೋಳು ಹಿಡಿದು ಐವತ್ತು ಪೈಸೆ ಕೇಳುತ್ತಾಳೆ, ಕುದುರೆ ಲಾಳದ ಗುಡಿ ತೋರಿಸುತ್ತೇನೆ ಎನ್ನುತ್ತಾಳೆ. ಅವನು ನೋಡಿಯಾಗಿದೆ. ಅವಳು ಬಿಡುವುದಿಲ್ಲ. ಬೈದು ಬಿಡಿಸಿಕೊಳ್ಳಬೇಕೆಂದು ಅವನು ತಿರುಗಿದಾಗ, ಇಂಥ ಹಾಳು ಬೆಟ್ಟದ ಮೇಲೆ ಮುದುಕಿ ಇನ್ನೇನು ಮಾಡಬೇಕು ಎನ್ನುತ್ತಾಳೆ. ಆಗ ಅವಳ ಕಣ್ಣುಗಳ ಗುಂಡೇಟಿನ ತೂತುಗಳಲ್ಲಿ ಅವನಿಗೆ ಆಕಾಶ ಕಾಣುತ್ತದೆ. ಕಣ್ಣಂಚಿನ ಸುಕ್ಕುಗಳು ಅವಳ ಚರ್ಮ ದಾಟಿ ಬಿರುಕುಗಳಾಗಿ ಹರಡುತ್ತವೆ. ಬೆಟ್ಟಗಳು ಬಿರಿಯುತ್ತವೆ, ಗುಡಿಗಳು ಬಿರಿಯುತ್ತವೆ, ಆಕಾಶ ಗಾಜಿನಂತೆ ಸದ್ದು ಮಾಡುತ್ತ ಉದುರುತ್ತದೆ, ಒಡೆಯದೆ ನಿಂತಿರುವವಳು ಆ ಮುದುಕಿ ಒಬ್ಬಳೇ. ಪ್ರವಾಸಿ ಅವಳ ಅಂಗೈಯಲ್ಲಿನ ಚಿಲ್ಲರೆಯಾಗಿ ಇಳಿದುಹೋಗುತ್ತಾನೆ. ಲೋಕ ಒಡೆಯುವ ಈ ದೃಶ್ಯಕ್ಕಿಂತ ಅತಿವಾಸ್ತವ ಬೇರಿಲ್ಲ. ಆದರೆ ಅದು ಹುಟ್ಟುವುದು ಮುಖದ ಸುಕ್ಕಿನಿಂದ, ಅದೂ ಅವನು ಅವಳನ್ನು ಮೊದಲ ಬಾರಿಗೆ ನೇರವಾಗಿ ನೋಡಿದ ಗಳಿಗೆಯಲ್ಲಿ. ನೋಡದಿದ್ದಾಗ ಅವಳು ಉಪದ್ರವ, ನೋಡಿದಾಗ ಪ್ರಳಯ. ಕೊಲಟ್ಕರರಲ್ಲಿ ನೋಡುವುದಕ್ಕೆ ಒಂದು ನೈತಿಕ ಬೆಲೆ ಇದೆ ಎಂದು ಯಾರಾದರೂ ಹೇಳಿದರೆ ನಾನು ಈ ಕವಿತೆಯನ್ನು ಸಾಕ್ಷಿ ಕರೆಯುತ್ತೇನೆ.

ಕನ್ನಡಿಗರಿಗೆ ಜೆಜುರಿ ಪರಸ್ಥಳವಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಮರಾಠಿಗರ ಖಂಡೋಬಾ ನಮ್ಮ ಮೈಲಾರಲಿಂಗ. ಜೆಜುರಿಯ ಭಕ್ತರು ಕೂಗುವ ‘ಯೇಳಕೋಟ್’ ಎಂಬ ಘೋಷವನ್ನು ಹೂವಿನಹಡಗಲಿ ಸೀಮೆಯ ಮೈಲಾರದಲ್ಲಿ ‘ಏಳು ಕೋಟಿಗೋ’ ಎಂದು ಕೇಳುತ್ತೇವೆ. ದೇವರಿಗೆ ಮುಡಿಪಾದ ಭಕ್ತ ಅಲ್ಲಿ ವಾಘ್ಯಾ, ಇಲ್ಲಿ ಗೊರವ. ಎರಡು ಕಡೆಯೂ ಅದೇ ಅರಿಶಿನದ ಭಂಡಾರ. ಮೈಲಾರನ ಸಂಗಾತಿ ನಾಯಿ. ಗೊರವರು ಕರಿಕಂಬಳಿ ಹೊದ್ದು, ದೋಣಿ ಸೇವೆಯಲ್ಲಿ ಮರದ ದೋಣಿಗೆ ಹಾಕಿದ ಪ್ರಸಾದವನ್ನು ನಾಯಿಗಳಂತೆ ಬೊಗಳುತ್ತ ಬಾಯಿ ಹಾಕಿ ತಿನ್ನುವುದನ್ನು ನೋಡಿದವರಿಗೆ ಕೊಲಟ್ಕರರ ನಾಯಿಗಳು ಬೇರೆಯೇ ಆಗಿ ಕಾಣುತ್ತವೆ. ಪಾಳು ಗುಡಿಯ ತಾಯಿನಾಯಿ ಒಂದು. ರೈಲು ನಿಲ್ದಾಣದ ಕಜ್ಜಿನಾಯಿ ಇನ್ನೊಂದು. ಆ ಸ್ಥಳದ ಆತ್ಮವೇ ಅದರ ಮೈಯಲ್ಲಿ ವಾಸಿಸುತ್ತದೆ ಎನ್ನುತ್ತಾರೆ ಕವಿ. ಹುಲಿಗಳನ್ನು ಕಟ್ಟಿಹಾಕುವ ಕುರಿನಾಯಿ ಮತ್ತೊಂದು. ನಗರದ ಓದುಗನಿಗೆ ತುಂಟ ಕಲ್ಪನೆಯಾಗಿ ಕಾಣುವುದು ಮೈಲಾರದ ಜಾತ್ರೆಗೆ ಹೋದವನಿಗೆ ಆಚರಣೆ. ಮನುಷ್ಯ ನಾಯಿಯಾಗಿ ದೇವರೆದುರು ನಿಲ್ಲುವುದು, ಬಿಲ್ಲೇರಿದ ಗೊರವಯ್ಯ ಒಂದು ಸಾಲಿನ ಒಗಟಿನಲ್ಲಿ ವರ್ಷದ ಕಾರಣಿಕ ನುಡಿಯುವುದು, ಇವೆಲ್ಲ ಅತಿವಾಸ್ತವವಲ್ಲದೆ ಮತ್ತೇನು? ಕೊಲಟ್ಕರರು ಸಂಪ್ರದಾಯದ ಮೇಲೆ ವಿಚಿತ್ರವನ್ನು ಹೇರಲಿಲ್ಲ. ಸಂಪ್ರದಾಯದೊಳಗೆ ಅಭ್ಯಾಸಬಲದಿಂದ ಕಾಣದಂತಾಗಿದ್ದ ವಿಚಿತ್ರವನ್ನು ಮತ್ತೆ ಕಾಣಿಸಿದರು.

ಇದಕ್ಕೆ ತಿರುಗುಬಾಣವೂ ಇದೆ. ಭಕ್ತಿಯ ಭಾಷೆಯನ್ನು ಅವರು ರೈಲು ನಿಲ್ದಾಣಕ್ಕೆ ಹಚ್ಚುತ್ತಾರೆ. ಚಹಾದಂಗಡಿಯ ಹುಡುಗ ಮೌನವ್ರತ ಹಿಡಿದ ಶಿಷ್ಯ. ಪ್ರಶ್ನೆ ಕೇಳಿದರೆ ಪಾತ್ರೆ ತೊಳೆದ ನೀರು ಪ್ರೋಕ್ಷಿಸಿ ಭೂತ ಬಿಡಿಸುತ್ತಾನೆ. ಎರಡು ತಲೆಯ ಸ್ಟೇಷನ್ ಮಾಸ್ಟರು ಒಂದು ಪಂಥಕ್ಕೆ ಸೇರಿದವನು. ಹಳಿ ಹಾಕಿದ ವರ್ಷ ಪ್ರಕಟವಾದ ಮೂಲ ವೇಳಾಪಟ್ಟಿಯೊಂದೇ ಅವನಿಗೆ ಪ್ರಮಾಣ, ಮಿಕ್ಕವೆಲ್ಲ ಪ್ರಕ್ಷಿಪ್ತ, ಆದರೆ ಮೂಲದ ಸಾಲುಗಳ ನಡುವೆ ಮುಂದಿನ ಎಲ್ಲ ವೇಳಾಪಟ್ಟಿಗಳನ್ನೂ ಓದಬಲ್ಲ ವ್ಯಾಖ್ಯಾನ ಸ್ವಾತಂತ್ರ್ಯ ಅವನಿಗಿದೆ. ಮುಂದಿನ ರೈಲು ಯಾವಾಗ ಎಂದು ತಿಳಿಯಲು ಪ್ರಯಾಣಿಕ ಗಡಿಯಾರದ ಮುಂದೆ ಮೇಕೆ ಕಡಿಯಲು, ಹಳಿಯ ಮೇಲೆ ತೆಂಗಿನಕಾಯಿ ಒಡೆಯಲು, ಸ್ಟೇಷನ್ ಮಾಸ್ಟರಿಗೆ ಕ್ಷೀರಾಭಿಷೇಕ ಮಾಡಿಸಲು, ಟಿಕೆಟ್ ಗುಮಾಸ್ತನಿಗೆ ಬಂಗಾರದ ಆಟಿಕೆ ರೈಲು ಹರಕೆ ಹೊರಲು ಸಿದ್ಧನಾಗುತ್ತಾನೆ. ಗುಡಿಯಲ್ಲಿ ಎಣಿಸುತ್ತಿದ್ದವನು ನಿಲ್ದಾಣದಲ್ಲಿ ಹರಕೆ ಹೊರುತ್ತಿದ್ದಾನೆ ಎಂಬುದು ನಗುವಿನ ಗುರಿ ಯಾರು ಎಂಬುದನ್ನು ಸ್ಪಷ್ಟಪಡಿಸುತ್ತದೆ. ಹಳಿಗಳು ದಿಗಂತದಲ್ಲಿ ಕೂಡುವಂತೆ ಕಾಣುವಲ್ಲಿ ಸೂರ್ಯ ಗಾಲಿಯಷ್ಟು ದೊಡ್ಡದಾಗಿ ಮುಳುಗುತ್ತಾನೆ, ಪುಸ್ತಕ ಮುಗಿಯುತ್ತದೆ.

ಅದಕ್ಕೆ ತುಸು ಮೊದಲು ಬರುವ ಕವಿತೆಯಲ್ಲಿ ಊರಿಗೂ ನಿಲ್ದಾಣಕ್ಕೂ ನಡುವೆ ಜೋಳದ ಹೊಲದಲ್ಲಿ ಒಂದು ಡಜನ್ ಕೋಳಿಗಳು ಸುಗ್ಗಿ ಕುಣಿತದಂತೆ ಹಾರುತ್ತಿವೆ. ಅಕ್ಷರಗಳನ್ನೇ ಪುಟದ ತುಂಬ ಮೇಲೆ ಕೆಳಗೆ ಚೆಲ್ಲಿ ಕವಿ ಆ ಕುಣಿತವನ್ನು ಕಾಣಿಸುತ್ತಾರೆ. ಗುಡಿಗಳಲ್ಲಿ ಸಿಗದ ಆನಂದ ಕೋಳಿಗಳಲ್ಲಿ ಸಿಕ್ಕಿತು ಎಂಬ ಪಾಠವನ್ನು ಇದರಿಂದ ಹೊರಡಿಸುವ ವಿಮರ್ಶೆ ಬಹಳ ಬಂದಿದೆ. ಅದು ತಪ್ಪಲ್ಲ, ಆದರೆ ವಿನ್ಯಾಸಕಾರನ ಕೈಚಳಕದ ಸಂತೋಷವೂ ಅಲ್ಲಿದೆ, ಅದಕ್ಕೆ ಅರ್ಥ ಹಚ್ಚದೆ ಬಿಟ್ಟರೂ ನಡೆಯುತ್ತದೆ.

‘ಜೆಜುರಿ’ಯ ವಿರುದ್ಧ ಬಂದ ಗಂಭೀರ ಆಕ್ಷೇಪ ಮರಾಠಿ ಕಾದಂಬರಿಕಾರ, ವಿಮರ್ಶಕ ಭಾಲಚಂದ್ರ ನೇಮಾಡೆಯವರದು. ಮುಂಬೈಯಿಂದ ವಾರಾಂತ್ಯಕ್ಕೆ ಬಂದುಹೋಗುವ ಪ್ರವಾಸಿಯ ಕಣ್ಣು ಇದು, ಇಂಗ್ಲಿಷಿನಲ್ಲಿ ಬರೆಯುವುದರಿಂದಲೇ ಈ ದೂರ ಬರುತ್ತದೆ ಎಂಬುದು ಅವರ ವಾದದ ತಿರುಳು. ಪ್ರವಾಸಿಯ ಕಣ್ಣು ಎಂಬುದನ್ನು ಅಲ್ಲಗಳೆಯಲಾಗದು, ಸಂಕಲನವೇ ಅದನ್ನು ಬಚ್ಚಿಟ್ಟಿಲ್ಲ. ಆದರೆ ಮುದುಕಿಯ ಕೈಯಲ್ಲಿ ಚಿಲ್ಲರೆಯಾಗುವವನು ಆ ಪ್ರವಾಸಿಯೇ ಎಂಬುದನ್ನು ಮರೆತರೆ ಮಾತ್ರ ಆಕ್ಷೇಪ ಪೂರ್ತಿ ನಿಲ್ಲುತ್ತದೆ. ಭಾಷೆಯ ಮಾತಿಗೆ ಬಂದರೆ, ಕೊಲಟ್ಕರರ ಇಂಗ್ಲಿಷು ಮುಂಬೈಯ ಬೀದಿಯ ಸದ್ದು ಕೇಳಿಸಿಕೊಂಡು ಬೆಳೆದದ್ದು. ಪಗಾರಕ್ಕಾಗಿ ಮ್ಯಾನೇಜರನ ಮೇಜಿನ ಮೇಲಿನ ಕೈಗಡಿಯಾರ ಎತ್ತಿಕೊಂಡು, ನಿನಗೆ ನಿನ್ನ ಕಾನೂನು, ನನಗೆ ನನ್ನದು ಎನ್ನುವ ಧಾಟಿಯ ಪುಂಡನ ಕವಿತೆಯನ್ನು ಅವರು ಬರೆದದ್ದು ಬಂಬಯ್ಯಾ ಹಿಂದಿಯಲ್ಲಿ. ತಾವೇ ಅದನ್ನು ಅಷ್ಟೇ ಪುಂಡಾದ ಇಂಗ್ಲಿಷಿಗೂ ತಂದರು.

ಪ್ರವಾಸಿಯಲ್ಲದ ಕೊಲಟ್ಕರರು ಬೇಕೆಂದರೆ ‘ಕಾಲಾ ಘೋಡಾ’ ಓದಬೇಕು. ದಕ್ಷಿಣ ಮುಂಬೈಯ ಆ ವೃತ್ತಕ್ಕೆ ಹೆಸರು ಕೊಟ್ಟದ್ದು ಕುದುರೆಯೇರಿದ ಏಳನೇ ಎಡ್ವರ್ಡನ ಕಪ್ಪು ಪ್ರತಿಮೆ. 1965ರಲ್ಲಿ ಪ್ರತಿಮೆಯನ್ನು ತೆಗೆದು ಭಾಯಖಳಾದ ಉದ್ಯಾನಕ್ಕೆ ಸಾಗಿಸಿದರು, ಕುದುರೆಯಿಲ್ಲದ ಜಾಗಕ್ಕೆ ಕುದುರೆಯ ಹೆಸರು ಉಳಿಯಿತು. ಹೆಸರೊಂದು, ವಸ್ತುವೊಂದು, ಅಷ್ಟಭುಜೆಯ ಲೆಕ್ಕವೇ ಇಲ್ಲಿಯೂ. ಅಲ್ಲಿನ ವೇಸೈಡ್ ಇನ್ ಹೋಟೆಲಿನ ಕಿಟಕಿ ಬಳಿ ಕುಳಿತು ಕವಿ ವರ್ಷಗಟ್ಟಲೆ ಆ ಬೀದಿಯನ್ನು ನೋಡಿದರು. ಮೊದಲ ಕವಿತೆಯಲ್ಲಿ ರಸ್ತೆಯ ನಡುವಿನ ತ್ರಿಕೋನದ ಕಟ್ಟೆಯ ಮೇಲೆ, ಅಂದರೆ ಇಂಗ್ಲಿಷಿನವರು ಟ್ರಾಫಿಕ್ ದ್ವೀಪ ಎನ್ನುವಲ್ಲಿ, ಬೀದಿನಾಯಿಯೊಂದು ಬೆಳಗಿನ ಹೊತ್ತು ಮಲಗಿ ತನ್ನ ವಂಶಾವಳಿ ಹೇಳಿಕೊಳ್ಳುತ್ತದೆ. ಅದರ ಮಾಸಲು ಮೈಮೇಲಿನ ಕಪ್ಪು ಮಚ್ಚೆಗಳು ಏಳು ದ್ವೀಪಗಳು ಇನ್ನೂ ಕೂಡಿಕೊಳ್ಳದಿದ್ದ ಹದಿನೇಳನೇ ಶತಮಾನದ ಮುಂಬೈಯ ನಕಾಶೆಯಂತಿವೆ. ತಾಯಿಯ ಕಡೆಯಿಂದ ಅದು 1864ರಲ್ಲಿ ಮುಂಬೈಯ ಗವರ್ನರ್ ಸರ್ ಬಾರ್ಟಲ್ ಫ್ರೇರ್ ನರಿಬೇಟೆಗೆಂದು ಇಂಗ್ಲೆಂಡಿನಿಂದ ತರಿಸಿದ ಮೂವತ್ತು ನಾಯಿಗಳಲ್ಲಿ ಸಮುದ್ರಯಾನದಿಂದ ಬದುಕುಳಿದ ಒಂದರ ಸಂತತಿ; ತಂದೆಯ ಕಡೆಯಿಂದ ಧರ್ಮರಾಯನ ಹಿಂದೆ ಹೋದ ಮಹಾಭಾ‌ರತದ ನಾಯಿಯ ಸಂತತಿ. ವಸಾಹತುಶಾಹಿ ಇತಿಹಾಸ ಮತ್ತು ಪುರಾಣ ಎರಡನ್ನೂ ಒಂದು ಬೀದಿನಾಯಿಯ ಮೈಮೇಲೆ ಬರೆದದ್ದಕ್ಕಿಂತ ಸಂಕ್ಷಿಪ್ತವಾದ ಮುಂಬೈಯ ಚರಿತ್ರೆ ನಾನು ಓದಿಲ್ಲ.

ಈ ಸಂಕಲನದಲ್ಲಿ ಹಳೆಯ ಸೈಕಲ್ ಟೈರು ಮಾತಾಡುತ್ತದೆ, ವರ್ಷದ ಕೊನೆಯ ದಿನ ಸುಡಲು ಮಾಡಿದ ಬೊಂಬೆ ಮಾತಾಡುತ್ತದೆ, ಗ್ರಂಥಾಲಯದ ಕಟ್ಟಡದ ಮೇಲಿನ ಡೇವಿಡ್ ಸಸೂನನ ಕಲ್ಲಿನ ತಲೆಯೂ ಮಾತಾಡುತ್ತದೆ. ಕಸದ ಗಾಡಿ ಹತ್ತಿ ಕಸ ತುಳಿಯುವ ಪೌರಕಾರ್ಮಿಕ ಹೆಂಗಸಿನ ಕಾಲುಗಳಲ್ಲಿ ಗಿರಿಧರನ ಮುಂದೆ ಕುಣಿದ ಮೀರಾ ಕಾಣಿಸುತ್ತಾಳೆ. ಎಲ್ಲವೂ ಒಂದೇ ತೂಕದ ಕವಿತೆಗಳಲ್ಲ. ಕೆಲವು ಕಡೆ ತುಂಟತನವೇ ಅಭ್ಯಾಸವಾಗಿ, ಉಪಮೆಯ ಮೇಲೆ ಉಪಮೆ ಪೇರಿಸುವ ಚಪಲ ಕಾಣುತ್ತದೆ. ‘ಜೆಜುರಿ’ಯ ಬಿಗಿ ಇಲ್ಲಿ ಎಲ್ಲ ಕಡೆ ಇಲ್ಲ. ಆದರೆ ಹರಡಿಕೊಳ್ಳುವುದೇ ಗುಣವಾಗುವ ಕವಿತೆಯೂ ಇದೆ, ಅದು ಕಾಲಾ ಘೋಡಾದ ಬೆಳಗಿನ ತಿಂಡಿಯ ಹೊತ್ತಿನ ಕುರಿತಾದ ಹಲವು ಭಾಗಗಳ ದೀರ್ಘ ಕವಿತೆ. ಒಲಿಂಪಿಯಾದಲ್ಲಿ ಖೀಮಾ ಪಾವ್, ಕೈಲಾಸ್ ಪರ್ಬತದಲ್ಲಿ ಪೂರಿ ಭಾಜಿ, ನೂರ್ ಮೊಹಮ್ಮದಿಯಲ್ಲಿ ನಳ್ಳಿ ನಿಹಾರಿ, ಸ್ವಾಗತದಲ್ಲಿ ಉಪ್ಪಿಟ್ಟು, ಆನಂದ ವಿಹಾರದಲ್ಲಿ ಶಿರಾ, ವೇಸೈಡ್ ಇನ್‌ನಲ್ಲಿ ಮೊಟ್ಟೆ ಮತ್ತು ಬೇಕನ್. ಹೀಗೆ ಹೋಟೆಲುಗಳನ್ನು ಎಣಿಸುತ್ತ ಹೋಗಿ, ಹಸಿದ 73ನೇ ರೇಖಾಂಶದ ಉದ್ದಕ್ಕೂ ಈಗ ತಿಂಡಿಯ ಹೊತ್ತು ಎನ್ನುತ್ತಾರೆ ಕವಿ. ಶಾಲೆಯ ಭೂಗೋಳದ ಕಲ್ಪಿತ ಗೆರೆಗೆ ಹಸಿವಾಗುವುದು ಇಲ್ಲಿ ಮಾತ್ರ.

ರೇಖಾಂಶದಿಂದ ಇಳಿದು ಕವಿತೆ ಮತ್ತೆ ಅದೇ ತ್ರಿಕೋನದ ಕಟ್ಟೆಗೆ ಬರುತ್ತದೆ. ಅಲ್ಲಿಗೆ ಒಬ್ಬ ಹೆಂಗಸು ಇಡ್ಲಿ ಹೊತ್ತು ತರುತ್ತಾಳೆ. ಅವಳನ್ನು ಕವಿ ಅನ್ನಪೂರ್ಣೆ ಎಂದೇ ಕರೆಯುತ್ತಾರೆ, ಇಡ್ಲಿಗಳ ದೇವಿ. ಸುತ್ತಲಿನ ಬೀದಿಗಳಲ್ಲಿ ಮಲಗೆದ್ದವರು, ಕಸ ಆಯುವವರು, ಅಂಗವಿಕಲರು, ಮಕ್ಕಳು ನಾಲ್ಕು ದಿಕ್ಕುಗಳಿಂದ ಬಂದು ಸೇರುತ್ತಾರೆ. ಸ್ವಲ್ಪ ಹೊತ್ತು ಅಲ್ಲೊಂದು ರಾಜಸಭೆ, ಒಂದು ಔತಣ. ಇಡ್ಲಿಯನ್ನು ದಿನಾ ತಿನ್ನುವ ನಮಗೆ ಅದರ ಬಿಳುಪಿಗೂ ದುಂಡಗಿಗೂ ಇಷ್ಟೊಂದು ಸಂಭ್ರಮವೇಕೆ ಎನಿಸಬಹುದು, ಆದರೆ ಸಂಭ್ರಮ ಇಡ್ಲಿಯದ್ದಲ್ಲ, ಹಸಿದವರು ಅದನ್ನು ನೋಡುವ ನೋಟದ್ದು. ಪಾತ್ರೆ ಬರಿದಾಗುತ್ತದೆ. ಮಕ್ಕಳ ಪುಸ್ತಕವೊಂದರಲ್ಲಿ ಪುಟ ತೆರೆದರೆ ಎದ್ದು ನಿಲ್ಲುವ ಕಾಗದದ ಕೋಟೆ, ಒಳಗಿನ ಮಾಟಗಾತಿಯೇ ಪುಸ್ತಕ ಮುಚ್ಚಿಕೊಂಡಾಗ ರಾಜ ರಾಣಿ, ಆಸ್ಥಾನಿಕರು, ವಿದೂಷಕ, ಭೋಜನಶಾಲೆ ಸಮೇತ ಮಡಚಿಹೋಗುವಂತೆ ಆ ಬೀದಿ ಹೋಟೆಲು ಮಾಯವಾಗುತ್ತದೆ. ಕಟ್ಟೆ ಮತ್ತೆ ತನ್ನ ಹಳೆಯ, ಚಪ್ಪಟೆ, ಬೇಸರ ಹಿಡಿಸುವ ರೂಪಕ್ಕೆ ಮರಳುತ್ತದೆ.